ಶನಿವಾರದ ಪೆಟ್ಟಿಗೆ

ಬುಧವಾರ, ಮಧ್ಯಾಹ್ನ

ಮಗಳೇ,

ದೇವರು ನಿನ್ನನ್ನೂ ನಿನ್ನ ಇಬ್ಬರು ಮಕ್ಕಳನ್ನೂ ಅಳಿಯಂದಿರನ್ನೂ ಚೆನ್ನಾಗಿಟ್ಟಿರಲಿ. ದಿನಾ ಹಾಗೇ ಕೇಳಿಕೊಳ್ಳುತ್ತೇನೆ, ನಿನ್ನ ಮೇಲೆ ಸಿಟ್ಟಿರುವ ದಿನವೂ. ಈಚೆಗೆ ಎಲ್ಲ ದಿನಗಳೂ ಅಂಥವೇ.

ನಿನ್ನ ಪತ್ರ ನಿನ್ನೆ ಬಂತು. ಯಾವುದೋ ಜಾಹೀರಾತಿನ ಹಾಳೆಯ ಹಿಂಬದಿಗೆ ಬರೆದಿದ್ದೀಯ. ಕಾಗದ ಉಳಿಸಿದ್ದು ಒಳ್ಳೆಯದೇ. ಮುಂಬದಿಯಲ್ಲಿ ಸೋಫಾದ ಚಿತ್ರ, ಹಿಂಬದಿಯಲ್ಲಿ ‘ನನ್ನ ಮಗೂಗೆ ಏನು ಹೇಳಿಕೊಟ್ಟೆ’ ಅನ್ನುವ ಪ್ರಶ್ನೆ. ಎರಡು ತಿಂಗಳಾದ ಮೇಲೆ ಬರೆದ ಮೊದಲ ಕಾಗದದಲ್ಲಿ ಅಮ್ಮನನ್ನು ಹೇಗಿದ್ದೀಯ ಅಂತ ಕೇಳುವಷ್ಟು ಜಾಗ ಸಿಗಲಿಲ್ಲ ನಿನಗೆ. ಕೂಸು ಗುಂಡನ ಮುರಿದ ಕೈ ಕೂಡಿತೋ ಇಲ್ಲವೋ ಅಂತಲೂ ಇಲ್ಲ. ಬೇಡದ್ದನ್ನು ಬಿಡುವುದು ಅಷ್ಟು ರೂಢಿಯಾಗಿದೆ.

ಚೂಟಿ ಶಾಲೆಯಲ್ಲಿ ಬಾಯಿ ಬಿಡುವುದಿಲ್ಲ ಎಂದು ಬರೆದಿದ್ದೀಯ. ಶನಿವಾರ ಸಂಜೆ ನೀವು ಬಾಗಿಲ ಹತ್ತಿರ ಪೆಟ್ಟಿಗೆ ಇಟ್ಟ ಕೂಡಲೇ ಹೋಗಿ ಅದರೊಳಗೆ ಕೂತುಬಿಡುತ್ತಾಳಂತೆ. ಎತ್ತಲು ಹೋದರೆ ಮೈ ಬಿಗಿ ಮಾಡಿ ‘ಮುಚ್ಚಳ ಹಾಕಿ’ ಅನ್ನುತ್ತಾಳಂತೆ. ಮೊದಲ ಸಲ ಆಟ ಅಂದುಕೊಂಡು ನಕ್ಕಿರಂತೆ, ಅಳಿಯಂದಿರು ವಿಡಿಯೋ ಕೂಡ ತೆಗೆದರಂತೆ. ಮೂರನೇ ಶನಿವಾರಕ್ಕೆ ಹೆದರಿಕೆಯಾಯಿತಂತೆ. ಅಜ್ಜಿಯೇ ಏನೋ ತಲೆಗೆ ತುಂಬಿ ಹೋಗಿರಬೇಕು ಅಂತ ಗಂಡ ಹೆಂಡತಿ ಕೂತು ತೀರ್ಮಾನ ಮಾಡಿದ್ದೀರಿ. ‘ಸತ್ಯ ಹೇಳು’ ಅಂದಿದ್ದೀಯ.

ಹೇಳುತ್ತೇನೆ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮ ಮನೆಗೆಲ್ಲ ಒಂದೇ ಫೋನು, ಅದೂ ಅಳಿಯಂದಿರ ಕೈಯಲ್ಲಿ. ಮಾಡಿದಾಗಲೆಲ್ಲ ‘ಅವಳು ಮೌನದಲ್ಲಿದ್ದಾಳೆ ಅತ್ತೆ’ ಅಂತ ಇಟ್ಟುಬಿಡುತ್ತಾರೆ. ನೀನು ಹುಟ್ಟಿದಾಗಿನಿಂದ ಮೌನದಲ್ಲಿದ್ದುದನ್ನು ನಾನು ಕಂಡಿಲ್ಲ. ಅದಕ್ಕೇ ಈ ಕಾಗದವನ್ನು ಬೆಳಗಿನ ಬಸ್ಸಿನ ಡ್ರೈವರ್ ಕೈಗೆ ಕೊಟ್ಟು ಕಳಿಸುತ್ತಿದ್ದೇನೆ. ಶನಿವಾರದೊಳಗೆ ನಿನ್ನ ಕೈ ಸೇರಲೇಬೇಕು.

ಕಡಿಮೆಯಲ್ಲಿ ಬದುಕುವುದು ತಪ್ಪು ಅನ್ನುವವಳಲ್ಲ ನಾನು. ನಾನು ಹುಟ್ಟಿದ ಮನೆಯಲ್ಲಿ ಆರು ಜನಕ್ಕೆ ನಾಲ್ಕು ತಟ್ಟೆ. ಅದಕ್ಕೊಂದು ಹೆಸರಿದೆ ಅಂತ ನಮಗೆ ಗೊತ್ತಿರಲಿಲ್ಲ, ವಿಡಿಯೋ ತೆಗೆಯುವವರೂ ಬರಲಿಲ್ಲ. ನೀನು ಎಂಟು ವರ್ಷದವಳಿದ್ದಾಗ, ಹಿಮ್ಮಡಿಯಲ್ಲಿ ದೀಪ ಮಿನುಗುವ ಬೂಟು ಬೇಕು ಅಂತ ಊಟ ಬಿಟ್ಟು ಮಲಗಿದ್ದವಳು. ಅಂಥವಳು ದೊಡ್ಡವಳಾಗಿ ‘ಏನೂ ಬೇಡ’ ಅನ್ನುವುದನ್ನು ಕಲಿತಳಲ್ಲ, ದೇವರು ದೊಡ್ಡವನು ಅಂದುಕೊಂಡೆ. ನಿಮ್ಮ ಎದುರಿನ ನಾಲ್ಕಂತಸ್ತಿನ ಅಂಗಡಿಯಿಂದ ಜನ ಡಬ್ಬ ಹೊತ್ತುಕೊಂಡು ಬರುವುದನ್ನು ಕಿಟಕಿಯಿಂದ ತೋರಿಸಿ ‘ಇರುವೆ ಸಾಲು ನೋಡಮ್ಮ’ ಅಂದಾಗ ನಾನೂ ನಕ್ಕಿದ್ದೆ. ಕೆಳಗಿನ ಮನೆಯ ಹಲ್ಲಿನ ಡಾಕ್ಟರು ವಾರಕ್ಕೊಂದು ಸಾಮಾನು ತರಿಸಿ ರಟ್ಟಿನ ಪೆಟ್ಟಿಗೆಯನ್ನು ಮೆಟ್ಟಿಲ ಕೆಳಗೆ ಬಿಸಾಡುತ್ತಾರೆ. ನಿಮ್ಮ ಶನಿವಾರದ ಪೆಟ್ಟಿಗೆ ಬರುವುದು ಅಲ್ಲಿಂದಲೇ. ಅವರು ಕೊಳ್ಳುವುದು ನಿಲ್ಲಿಸಿದರೆ ನಿಮಗೆ ಬಿಡುವುದಕ್ಕೆ ಪೆಟ್ಟಿಗೆ ಸಿಗುವುದಿಲ್ಲ ಅಂತ ಒಮ್ಮೆ ಅಂದೆ. ಅಳಿಯಂದಿರು ನಗಲಿಲ್ಲ. ನಗುವನ್ನೂ ಯಾವುದೋ ಶನಿವಾರ ಪೆಟ್ಟಿಗೆಗೆ ಹಾಕಿಬಿಟ್ಟಿರಬೇಕು.

ನಿನ್ನ ಎರಡನೇ ಹೆರಿಗೆಗೆ ಆಸ್ಪತ್ರೆಯ ಲಾಂಡ್ರಿಗೆ ರಜೆ ಹಾಕಿ ಬಂದೆ. ಅಲ್ಲಿ ವಾರ್ಡುಗಳ ಹಾಸುಬಟ್ಟೆಯನ್ನು ಮಷೀನಿಗೆ ತುಂಬುವವಳು, ನಿನ್ನ ಮನೆಯಲ್ಲಿ ಮಗುವಿನ ಬಟ್ಟೆಯನ್ನೆಲ್ಲ ಕೈಯಲ್ಲಿ ಉಜ್ಜಿದೆ. ನಿಮ್ಮ ಬದುಕನ್ನು ನೋಡಲು ಬರುವವರು ಬರುತ್ತಲೇ ಇದ್ದರು. ಅವರಲ್ಲಿ ದೊಡ್ಡ ಕನ್ನಡಕದ ಹೆಂಗಸೊಬ್ಬಳು, ವಾಷಿಂಗ್ ಮಷೀನಿಲ್ಲದೆ ಎರಡು ಮಕ್ಕಳನ್ನು ಹೇಗೆ ನಿಭಾಯಿಸ್ತೀರಿ ಅಂತ ಕೇಳಿದಳು. ‘ಬೇಕು ಅನ್ನೋದೇ ಮನಸ್ಸಿನ ಭ್ರಮೆ’ ಅಂದೆ ನೀನು. ನಾನು ಹಿಂದಿನ ಬಾಲ್ಕನಿಯಲ್ಲಿ ಆ ಭ್ರಮೆಯನ್ನು ಹಿಂಡಿ ಹಿಂಡಿ ಒಣಗಿಸುತ್ತಿದ್ದೆ.

ಇರಲಿ. ಬಟ್ಟೆ ಒಗೆದರೆ ಯಾರೂ ಸಾಯುವುದಿಲ್ಲ. ನಾನು ಹೇಳಬೇಕಾದದ್ದು ಪೆಟ್ಟಿಗೆಯ ವಿಷಯ.

ಶನಿವಾರ ಸಂಜೆ ಎಲ್ಲರೂ ಒಂದೊಂದು ವಸ್ತು ಹಿಡಿದು ಪೆಟ್ಟಿಗೆಯ ಸುತ್ತ ಕೂರಬೇಕು. ಅದನ್ನು ನೋಡುತ್ತ ‘ನೀನಿಲ್ಲದೆಯೂ ನಾವಿರಬಲ್ಲೆವು’ ಅಂತ ಹೇಳಿ ಒಳಗಿಡಬೇಕು. ಅಳಿಯಂದಿರು ಅದನ್ನು ವಿಡಿಯೋ ತೆಗೆದು ಊರಿಗೆಲ್ಲ ತೋರಿಸಬೇಕು. ಭಾನುವಾರ ಬೆಳಿಗ್ಗೆ ಹಳೇ ಸಾಮಾನಿನ ಗಾಡಿಯವನು ಮೂರು ಮಹಡಿ ಹತ್ತಿ ಬಂದು, ಬಾಗಿಲ ಹೊರಗಿಟ್ಟ ಪೆಟ್ಟಿಗೆಯನ್ನು ಒಯ್ಯಬೇಕು. ನಾನೂ ಹಾಕಿದೆ. ಮೊದಲು ಕೊಡೆ, ಆಮೇಲೆ ಶಾಲು, ಆಮೇಲೆ ದೇವರ ಪಟ. ‘ದೇವರು ಮನಸ್ಸಿನಲ್ಲಿದ್ರೆ ಸಾಲದಾ ಅಮ್ಮ’ ಅಂದೆ ನೀನು. ಸಾಕು. ಹಾಗಾದರೆ ಅಳಿಯಂದಿರ ಮುಖವೂ ಜನರ ಮನಸ್ಸಿನಲ್ಲಿದ್ದರೆ ಸಾಕಿತ್ತು, ಎಲ್ಲರ ಫೋನಿನಲ್ಲಿ ಯಾಕೆ ಬೇಕು? ಆದರೆ ಅವತ್ತು ಬಾಯಿ ಮುಚ್ಚಿಕೊಂಡು ದೇವರನ್ನು ಗಾಡಿ ಹತ್ತಿಸಿದವಳು ನಾನೇ. ಅದರ ಉತ್ತರ ನಾನು ಅವನಿಗೆ ಕೊಡಬೇಕು, ನಿನಗಲ್ಲ.

ದೊಡ್ಡವರ ಹತ್ತಿರ ಹಾಕುವುದಕ್ಕೆ ಏನಾದರೂ ಇತ್ತು. ಆರು ವರ್ಷದ ಮಗುವಿನ ಹತ್ತಿರ ಏನಿತ್ತು ಹೇಳು? ಬಟ್ಟೆಯ ಮೊಲ ಹೋಯಿತು. ಬಣ್ಣದ ಪೆನ್ಸಿಲು ಹೋದವು. ಕೂದಲಿನ ಕ್ಲಿಪ್ಪು ಹೋಯಿತು, ಅದಾದ ಮೇಲೆ ಕೂದಲು ಕಣ್ಣಿಗೆ ಬೀಳುತ್ತದೆಂದು ನೀನೇ ಕತ್ತರಿಸಿದೆ. ಒಂದು ಶನಿವಾರ ಅಂಗಳದಲ್ಲಿ ಆಯ್ದ ಕಲ್ಲು ತಂದಳು. ಕಲ್ಲು ಲೆಕ್ಕಕ್ಕಿಲ್ಲ, ಅದು ಪ್ರಕೃತಿಯದು ಅಂತ ಅಪ್ಪ ವಾಪಸು ಕೊಟ್ಟರು. ಮುಂದಿನ ಶನಿವಾರ ಬರಿಗೈಯಲ್ಲಿ ಬಂದು ಕೂತಳು. ‘ನನ್ಹತ್ರ ಏನೂ ಇಲ್ಲಪ್ಪ’ ಅಂದಳು. ಅಳಿಯಂದಿರು ಗದರಲಿಲ್ಲ. ಅವರು ಗದರುವವರಲ್ಲ, ಮೆತ್ತಗೆ ನಗುತ್ತ ಕುತ್ತಿಗೆ ಹಿಸುಕುವವರು. ‘ಎಲ್ಲರ ಹತ್ರಾನೂ ಹೆಚ್ಚಿಗೆ ಅಂತ ಒಂದಾದ್ರೂ ಇರುತ್ತೆ ಕಂದ. ಮನೆಯೆಲ್ಲ ಹುಡುಕು. ಬೆಳಿಗ್ಗೆ ಗಾಡಿ ಬರೋ ತನಕ ಟೈಮಿದೆ’ ಅಂದರು.

ಹುಡುಕಿದಳು.

ನಿನಗೆ ಗೊತ್ತಿರುವುದಿಷ್ಟು. ಭಾನುವಾರ ಬೆಳಿಗ್ಗೆ ನೀವಿಬ್ಬರೂ ಸೈಕಲ್ಲಿನಲ್ಲಿ ತರಕಾರಿಗೆ ಹೋಗಿದ್ದಿರಿ. ಗಾಡಿಯವನು ಬಂದು ಪೆಟ್ಟಿಗೆ ಇಳಿಸಿ, ಗಾಡಿಗೆ ಹಾಕಿ, ಅದರ ಮೇಲೆ ಬೇರೆ ಯಾರದೋ ಹಳೇ ಪಾತ್ರೆಯ ಮೂಟೆ ಇಟ್ಟ. ಬೇಕರಿಯ ತಿರುವಿನಲ್ಲಿ ಪೆಟ್ಟಿಗೆ ಅಳತೊಡಗಿತು. ತೆಗೆದು ನೋಡಿದರೆ ಬಟ್ಟೆಗಳ ಮೇಲೆ ನಿನ್ನ ಮೂರು ತಿಂಗಳ ಗುಂಡ, ಎಡಗೈ ಮುರಿದುಕೊಂಡು. ಆ ಮನುಷ್ಯ ಗಾಡಿಯನ್ನು ನಡುಬೀದಿಯಲ್ಲೇ ಬಿಟ್ಟು, ಮಗುವನ್ನು ಎದೆಗವಚಿಕೊಂಡು, ‘ಯಾರ್ರೀ ಇದು, ಮಗೂನೂ ಹಳೇದಾಯ್ತಾ ನಿಮಗೆ’ ಅಂತ ಕೂಗುತ್ತ ಮೆಟ್ಟಿಲು ಹತ್ತಿದ. ಅವನ ಹಿಂದೆಯೇ ನೀವೂ ಬಂದಿರಿ. ನಾನು, ಬಟ್ಟೆ ಮೆತ್ತಗಿದೆ ಅಂತ ನಾನೇ ಮಲಗಿಸಿದ್ದೆ, ಒಗೆಯುವ ಗಡಿಬಿಡಿಯಲ್ಲಿ ಮರೆತೆ ಅಂದೆ. ‘ಮತ್ತೆ ಮುಚ್ಚಳ ಯಾಕೆ ಹಾಕಿದ್ರಿ ಅತ್ತೆ’ ಅಂದರು ಅಳಿಯಂದಿರು. ನೀನು ಹಲ್ಲಿನ ಡಾಕ್ಟರ ಮನೆಯವರೆಲ್ಲ ನೋಡುತ್ತಿದ್ದಂತೆ ನನ್ನ ಕೆನ್ನೆಗೆ ಹೊಡೆದೆ. ‘ನಿನ್ನಂಥವಳ ಕೈಯಲ್ಲಿ ನಾನು ಹೇಗೆ ಬದುಕಿ ಉಳಿದೆನೋ’ ಅಂದೆ. ಮಗುವಿಗೆ ಪಟ್ಟಿ ಹಾಕಿಸಿಕೊಂಡು ಬಂದವರು, ಸಂಜೆಯ ಬಸ್ಸಿಗೆ ನನ್ನನ್ನು ಹತ್ತಿಸಿದಿರಿ. ನನ್ನ ಹಳೇ ಚಪ್ಪಲಿ ನಿಮ್ಮ ಬಾಗಿಲಲ್ಲೇ ಉಳಿಯಿತು.

ಆ ಚಪ್ಪಲಿ ಏನಾಯಿತು ಅನ್ನುವುದೂ ಗೊತ್ತಾಯಿತು. ಲಾಂಡ್ರಿಯ ಹುಡುಗಿಯರು ಊಟದ ಹೊತ್ತಿನಲ್ಲಿ ಫೋನು ಹಿಡಿದುಕೊಂಡು ಬಂದರು, ‘ಅಕ್ಕಾ, ನಿಮ್ಮ ಮಗಳು ಬಂದಿದ್ದಾಳೆ ನೋಡಿ’ ಅಂತ. ನೋಡಿದೆ. ವಸ್ತುಗಳನ್ನಷ್ಟೇ ಅಲ್ಲ, ಭಾರವಾದ ಸಂಬಂಧಗಳನ್ನೂ ಬಿಡಬೇಕು ಅಂತ ಅಳಿಯಂದಿರು ವಿವರಿಸುತ್ತಿದ್ದರು. ನೀನು ನನ್ನ ಚಪ್ಪಲಿಯನ್ನು ಎರಡು ಕೈಯಲ್ಲಿ ಹಿಡಿದು ‘ನೀನಿಲ್ಲದೆಯೂ ನಾವಿರಬಲ್ಲೆವು’ ಅಂದೆ. ಕಣ್ಣಲ್ಲಿ ನೀರಿತ್ತು, ಚೆನ್ನಾಗಿ ಕಾಣುತ್ತಿದ್ದೆ. ಹುಡುಗಿಯರು ಮುಖ ಮುಖ ನೋಡಿಕೊಂಡರು. ನಾನು ತುತ್ತು ನುಂಗಿ, ಬೆಳಕು ಚೆನ್ನಾಗಿ ಬಿದ್ದಿದೆ ಅಂದೆ. ಆದರೆ ನಾನು ನೋಡಿದ್ದು ನಿನ್ನನ್ನಲ್ಲ ಕಣೇ. ನಿನ್ನ ಹಿಂದೆ ಗೋಡೆಗೆ ಒರಗಿಕೊಂಡು ಚೂಟಿ ನಿಂತಿದ್ದಳು, ಸ್ವೆಟರಿಲ್ಲದೆ.

ಸ್ವೆಟರ್ ಕಳೆದುಹೋಯಿತು ಅಂತ ನೀನು ಬೈದಿರಬೇಕು. ಅದು ಕಳೆದಿಲ್ಲ. ನನ್ನ ಹತ್ತಿರ ಇದೆ.

ಅವತ್ತು ನಾನು ಬಾಲ್ಕನಿಯಲ್ಲಿ ನಲ್ಲಿ ಬಿಟ್ಟುಕೊಂಡು ಒಗೆಯುತ್ತಿದ್ದೆ, ಏನೂ ಕೇಳಿಸಲಿಲ್ಲ. ಗುಂಡ ಒಳಗೆ ಚಾಪೆಯ ಮೇಲೆ ಮಲಗಿದ್ದ. ನಾಲ್ಕು ದಿನಕ್ಕೆ ತೊಟ್ಟಿಲು ಯಾಕೆ ಅಂತ ನೀವು ತರಲಿಲ್ಲವಲ್ಲ, ಆರು ವರ್ಷದವಳಿಗೂ ಕೈಗೆಟುಕುವ ಹಾಗೆ ನೆಲದ ಮೇಲಿದ್ದ. ಗಾಡಿಯವನ ಕೈಯಿಂದ ಮಗುವನ್ನು ಇಸಿದುಕೊಂಡಾಗ ಅದರ ಮೈಗೆ ಚೂಟಿಯ ನೀಲಿ ಸ್ವೆಟರ್ ಸುತ್ತಿತ್ತು. ಚಳಿಯಾಗಬಾರದು ಅಂತ ಗುಂಡಿ ಹಾಕಿ, ಎರಡು ತೋಳುಗಳನ್ನೂ ಸೇರಿಸಿ ಗಂಟು ಕಟ್ಟಿದ್ದಳು. ಅವಳಿಗಿದ್ದದ್ದು ಅದೊಂದೇ ಸ್ವೆಟರ್. ಕಣ್ಣೆತ್ತಿ ನೋಡಿದರೆ ಬಾಗಿಲಲ್ಲಿ ನಿಂತಿದ್ದಾಳೆ. ಮುಖದಲ್ಲಿ ಹೆದರಿಕೆಯಿಲ್ಲ. ಹೋಂವರ್ಕ್ ಮುಗಿಸಿದ ಮಗುವಿನ ಮುಖ. ‘ಹಾಕಿದೆ ಅಜ್ಜಿ, ಹೇಳಿಯೇ ಹಾಕಿದೆ’ ಅಂದಳು. ಏನು ಹೇಳಿ ಹಾಕಿದಳು ಅನ್ನುವುದು ನಿನಗೆ ಗೊತ್ತು. ತಮ್ಮನ ಕೈ ಜೋತುಬಿದ್ದದ್ದನ್ನು ಕಂಡ ಮೇಲೆ ಅವಳ ತುಟಿ ಬೆಳ್ಳಗಾಯಿತು. ಮೆಟ್ಟಿಲಲ್ಲಿ ನಿಮ್ಮ ಸದ್ದು ಕೇಳಿತು. ಸ್ವೆಟರನ್ನು ಬಿಚ್ಚಿ ಒಗೆಯುವ ಬಕೆಟ್ಟಿಗೆ ತುರುಕಿದೆ. ಆಮೇಲಿನದು ನಿನಗೆ ಗೊತ್ತೇ ಇದೆ.

ನಿಜ ಹೇಳಿದ್ದರೆ ನೀವು ಅವಳನ್ನು ಹೊಡೆಯುತ್ತಿರಲಿಲ್ಲ. ಕೂರಿಸಿಕೊಂಡು ಮೆತ್ತಗೆ ಮಾತಾಡುತ್ತಿದ್ದಿರಿ, ಅದನ್ನು ವಿಡಿಯೋ ಮಾಡುತ್ತಿದ್ದಿರಿ. ಅವಳು ಮುದುಕಿಯಾಗುವ ತನಕ ಜನ ಅದನ್ನು ನೋಡುತ್ತಿದ್ದರು. ಏಟು ನನಗೆ ಬಿದ್ದರೆ ಒಂದು ದಿನದ ಉರಿ ಅಂದುಕೊಂಡೆ.

ಲೆಕ್ಕ ತಪ್ಪಿತು. ನನ್ನ ಚಪ್ಪಲಿ ಪೆಟ್ಟಿಗೆಗೆ ಹೋದದ್ದನ್ನು ಅವಳು ನೋಡಿದಳು. ನಾನು ಮತ್ತೆ ಬರಲಿಲ್ಲ, ಅದನ್ನೂ ನೋಡಿದಳು. ಈ ಮನೆಯಲ್ಲಿ ಮನುಷ್ಯರನ್ನೂ ಹಾಕುತ್ತಾರೆ ಅನ್ನುವುದು ಅವಳಿಗೆ ಖಾತ್ರಿಯಾಯಿತು. ತಪ್ಪು ಮಾಡಿದ್ದು ತಾನು, ಹೋದದ್ದು ಅಜ್ಜಿ. ಅದಕ್ಕೇ ಯಾರೂ ಹೇಳುವ ಮೊದಲು ತಾನೇ ಹೋಗಿ ಕೂರುತ್ತಾಳೆ. ಮುಚ್ಚಳ ಹಾಕಿ ಅನ್ನುತ್ತಾಳೆ. ಭಾನುವಾರ ಬೆಳಿಗ್ಗೆ ಗಾಡಿ ಬರುತ್ತದೆ ಅಂತ ಅವಳಿಗೆ ಗೊತ್ತು ಕಣೇ, ಅವಳು ಆಡುತ್ತಿಲ್ಲ. ಒಂದು ವಾರ ನೀವು ಎತ್ತುವುದು ಮರೆತರೆ ಹೋಗಿಯೇಬಿಡುತ್ತಾಳೆ.

ತಮ್ಮನನ್ನೇ ಯಾಕೆ ಆರಿಸಿದಳು ಅನ್ನುವುದು ದೇವರಾಣೆಗೂ ನನಗೆ ಗೊತ್ತಿಲ್ಲ. ಮಕ್ಕಳ ಬುದ್ಧಿ, ಏನು ಹೇಳುವುದು.

ಈ ಶನಿವಾರ ಪೆಟ್ಟಿಗೆ ಇಡಬೇಡ. ಅವತ್ತಿನ ಮೊದಲ ಬಸ್ಸಿಗೆ ನಾನು ಬರುತ್ತೇನೆ, ಬೇಡ ಅಂದರೂ ಬರುತ್ತೇನೆ. ಅಷ್ಟರೊಳಗೆ ನೀನು ಅವಳನ್ನು ಎದುರಿಗೆ ಕೂರಿಸಿಕೊಂಡು, ಫೋನು ಆಚೆ ಇಡಿಸಿ, ನೀನಿಲ್ಲದೆ ನಮಗೆ ಆಗೋದಿಲ್ಲ ಅಂತ ಒಂದು ಸಲ ಬಾಯಿಬಿಟ್ಟು ಹೇಳು. ಅದು ನಿನ್ನ ಬಾಯಲ್ಲಿ ಬರುವುದಿಲ್ಲವೆಂದರೆ ಮಗುವನ್ನು ನನಗೆ ಕೊಡು. ನನ್ನದು ಒಂದೇ ಕೋಣೆ, ಆದರೆ ಬೇಡದ ಸಾಮಾನು ಬೇಕಾದಷ್ಟಿದೆ. ಹಿಡಿ ಹೋದ ಕಪ್ಪು, ನಿಂತ ಗಡಿಯಾರ, ಕಾಲು ಕುಂಟುವ ಸ್ಟೂಲು. ಅವುಗಳ ನಡುವೆ ಒಂದು ಮಗು ಭಾರವಾಗುವುದಿಲ್ಲ.

ಇಂತಿ,
ನೀನು ಬಿಟ್ಟರೂ ಬಿಟ್ಟುಹೋಗದ
ನಿನ್ನ ಅಮ್ಮ

ತಾ.ಕ.: ಅಂಟಿಸಿದ ಕವರನ್ನು ಮತ್ತೆ ಬಿಚ್ಚಿದ್ದೇನೆ. ಮೇಲೆ ದೇವರಾಣೆ ಹಾಕಿ ಒಂದು ಸುಳ್ಳು ಬರೆದೆ. ನಿನ್ನನ್ನು ಉಳಿಸೋಣ ಅಂತ ಬರೆದದ್ದು. ಆದರೆ ಅವನ ಪಟವನ್ನು ಗಾಡಿಗೆ ಹಾಕಿದ್ದೇ ಸಾಕು, ಅವನ ಹೆಸರನ್ನೂ ಹಾಕಲಾರೆ. ನೀವು ಆಸ್ಪತ್ರೆಗೆ ಓಡಿದ ಮೇಲೆ ಚೂಟಿಯನ್ನು ಮಡಿಲಲ್ಲಿ ಕೂರಿಸಿಕೊಂಡು ಕೇಳಿದ್ದೆ, ತಮ್ಮನನ್ನೇ ಯಾಕಮ್ಮ ಹಾಕಿದೆ ಅಂತ. ಆ ದೊಡ್ಡ ಕನ್ನಡಕದ ಹೆಂಗಸು ಮಷೀನಿನ ಮಾತಾದ ಮೇಲೆ ಇನ್ನೊಂದು ಕೇಳಿದ್ದಳು, ನೆನಪು ಮಾಡಿಕೋ. ಇಷ್ಟು ಕಡಿಮೆಯಲ್ಲಿ ಬದುಕುವವರು ಎರಡನೇ ಮಗು ಯಾಕೆ ಮಾಡಿಕೊಂಡಿರಿ ಅಂತ. ಗುಂಡನಿಗೆ ಹಾಲು ಕುಡಿಸುತ್ತಲೇ ನೀನು ನಕ್ಕು, ‘ಒಂದೇ ಸಾಕು ಅಂತಿದ್ವಿ, ಇವನು ಹೆಚ್ಚಿಗೆ ಬಂದವನು’ ಅಂದೆ. ಚೂಟಿ ನಿನ್ನ ಮೊಣಕಾಲಿಗೆ ಒರಗಿ ಕೂತಿದ್ದಳು. ನನ್ನ ಮಡಿಲಲ್ಲಿ ಅಳುತ್ತ ಅವಳು ಅಂದದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ: ‘ಅಮ್ಮಾನೇ ಹೇಳಿದ್ಲಲ್ಲ ಅಜ್ಜಿ, ಇವನು ಹೆಚ್ಚಿಗೆ ಅಂತ. ನಾನು ಸರಿಯಾದ್ದನ್ನೇ ಹಾಕಿದೆ ಅಲ್ವಾ?’ ನಾನು ಉತ್ತರ ಕೊಡಲಿಲ್ಲ. ಅವಳು ಇನ್ನೂ ಕಾಯುತ್ತಿರಬೇಕು. ನೀನು ಕೊಡು.