ದಸ್ತಗೀರ್ ಚಾಚಾರ ಥ್ರಾಟಲ್ ತಂತಿ

ಗುರುವಾರ, ಜನವರಿ ೨೨. ಬೆಳಗಾವಿ. ಸಂಜೆ ಆರೂವರೆ. ಮೇಜಿನ ಮೇಲೆ ನಿಮ್ಮ ರಿಮೋಟಿನ ಪುಟ್ಟ ವಿಮಾನವಿದೆ. ಇಂಜಿನ್ ಕೂರಿಸಿಯಾಯಿತು, ಥ್ರಾಟಲ್ ತಂತಿ ಜೋಡಿಸಿಯಾಯಿತು. ನೀವು ಹೋಗಿ ಎರಡು ತಿಂಗಳು.

ದಸ್ತಗೀರ್ ಚಾಚಾ,

ನೀವು ಇದ್ದಾಗ ನಿಮಗೆ ಒಂದು ಚೀಟಿಯನ್ನೂ ನಾನು ಬರೆದವನಲ್ಲ. ಬರೆದದ್ದೆಲ್ಲ ನಿಮ್ಮ ಕೆಲಸದ ಅಳತೆಗಳನ್ನು ಮಾತ್ರ. ಮಚ್ಛೆಯ ಆ ಸಣ್ಣ ಕಾರ್ಖಾನೆಯಲ್ಲಿ ನೀವು ಲೇತ್ ಮೇಲೆ ಬುಶ್‌ಗಳನ್ನು ಮಾಡುತ್ತಿದ್ದಿರಿ, ನಾನು ಗಾಜಿನ ಕೋಣೆಯಲ್ಲಿ ಕುಳಿತು ಅವನ್ನು ಅಳೆಯುತ್ತಿದ್ದೆ. ಹನ್ನೊಂದು ವರ್ಷ. ಅಳೆದು, ರಿಜಿಸ್ಟರಿನಲ್ಲಿ ಬರೆದು, ಅಳತೆ ಸರಿಯಿದ್ದರೆ ಟ್ರೇಯನ್ನು ಆಚೆ ತಳ್ಳಿ, "ಬರೋಬ್ಬರಿ ಐತಿ" ಅನ್ನುವುದು ನನ್ನ ನೌಕರಿ. ಆ ಎರಡು ಶಬ್ದಗಳಿಗೆ ನೀವು ಎಷ್ಟು ಬೆಲೆ ಕೊಡುತ್ತಿದ್ದಿರಿ ಎಂಬುದು ನನಗೆ ಆಗ ತಿಳಿದಿರಲಿಲ್ಲ. ತಿಳಿದಿದ್ದರೂ...

ಊಟದ ಬಿಡುವಿನಲ್ಲಿ ನಾನು ಓದುತ್ತ ಕೂತಿರುತ್ತಿದ್ದೆ. ರಷ್ಯದ್ದೋ ಬಂಗಾಳದ್ದೋ ಯಾವುದೋ ಕಾದಂಬರಿ, ಕನ್ನಡಕ್ಕೆ ಬಂದದ್ದು. ನೀವು ಡಬ್ಬಿ ತೆರೆಯುತ್ತ ಕೇಳುತ್ತಿದ್ದಿರಿ:

"ಏನ್ರೀ ಇನ್‌ಸ್ಪೆಕ್ಟರ್ ಸಾಹೇಬ್ರ, ಇವತ್ತ ಯಾರ್ ಸತ್ರು?"

"ಯಾರೂ ಸತ್ತಿಲ್ಲರಿ ಚಾಚಾ. ಒಬ್ಬಾಂವ ತಪ್ಪ ಒಪ್ಕೊಂಡ."

"ಎಷ್ಟನೇ ಪಾನಿನಾಗ?"

"ಮುನ್ನೂರಾ ಹತ್ತನೇ ಪುಟದಾಗ."

"ತಪ್ಪ ಮಾಡಿದ್ದು?"

"ಇಪ್ಪತ್ತರಾಗ."

"ಮತ್ತ ನಡುವ ಇಷ್ಟ ದಿನ ಏನ್ ಮಾಡ್ತಿದ್ದಾ ಅಂವಾ? ಸಾಲಿ ಕಲೀತಿದ್ನೇನು?"

ಗಾಜಿನ ಕೋಣೆಯೆಲ್ಲ ನಗುವಂತೆ ನಕ್ಕಿರಿ ನೀವು. ನಾನೂ ನಕ್ಕೆ. ಈಗ ಆ ಪ್ರಶ್ನೆಯನ್ನು ನನಗೆ ಯಾರು ಕೇಳಬೇಕು, ಚಾಚಾ?

ಮೊದಲ ಸಲ ನಿಮ್ಮ ಸ್ಕೂಟರಿನ ಹಿಂದೆ ಕೂತು ಖಾನಾಪುರಕ್ಕೆ ಹೋದದ್ದು ನೆನಪಿದೆ. ನನ್ನ ತೊಡೆಯ ಮೇಲೆ ಅಡ್ಡವಾಗಿ ವಿಮಾನದ ರೆಕ್ಕೆ, ಅದಕ್ಕೆ ಚಾಚಿಯ ಹಳೆಯ ಚಾದರ ಸುತ್ತಿತ್ತು. ಚಹಾಕ್ಕೆ ನಿಂತಲ್ಲಿ ಯಾರೋ ಕೇಳಿದರು, "ಏನ್ರೀ, ಬಾಗಲಾ ಒಯ್ಯಾಕತ್ತೀರೇನು?" ನೀವು ಮುಖ ಗಂಭೀರ ಮಾಡಿಕೊಂಡು, "ಇಲ್ಲೋ ತಮ್ಮಾ, ವಿಮಾನ. ಗೋವಾಕ್ಕ ಹೊಂಟೇವಿ. ಒಂದ ಸೀಟ್ ಖಾಲಿ ಐತಿ, ಬರ್ತಿ?" ಅಂದಿರಿ. ನಾವು ಹಾರಿಸುತ್ತಿದ್ದದ್ದು ಗುಂಜಿ ರಸ್ತೆಯಲ್ಲಿದ್ದ ಪರಶುರಾಮನ ಗದ್ದೆಯಲ್ಲಿ. ಭತ್ತದ ಸುಗ್ಗಿ ಮುಗಿದ ಮೇಲೆ ಅವನು ನಮಗಾಗಿ ಒಂದು ಬದುವನ್ನು ಒಡೆದು ಉದ್ದಕ್ಕೆ ಸಮ ಮಾಡಿಕೊಡುತ್ತಿದ್ದ. "ಮಾಮಾ, ನಿಮ್ಮ ಆವಾಜಿಗೆ ನನ್ನ ಎಮ್ಮಿ ಹಾಲ ಕೊಡೋದ ಬಿಟ್ರ, ಲೇತ್ ಬಿಡಿಸಿ ನಿಮ್ಮನ್ನs ಹಿಂಡ್ತೀನಿ ನೋಡ್ರಿ" ಎಂದು ಪ್ರತಿ ಭಾನುವಾರ ಬೆದರಿಸುತ್ತಿದ್ದ.

ಇಂಜಿನ್ ಕೂರಿಸುವುದನ್ನು ನೀವು ಕಲಿಸಿದ್ದು ನಿಮ್ಮ ಮನೆಯ ಜಿನೆಯ ಮೆಟ್ಟಿಲುಗಳ ಕೆಳಗಿನ ಮೇಜಿನ ಮೇಲೆ. ಮುಂಭಾಗದ ಪ್ಲೈವುಡ್ ಗೋಡೆಗೆ ನಾಲ್ಕು ಬೋಲ್ಟು, ಒಂದನ್ನು ಪೂರ್ತಿ ಬಿಗಿಯದೆ ಎದುರಿನದಕ್ಕೆ ಹೋಗುವುದು. ಮೂಗು ಕೂದಲೆಳೆಯಷ್ಟು ಬಲಕ್ಕೆ, ಕೂದಲೆಳೆಯಷ್ಟು ಕೆಳಕ್ಕೆ. ಆಮೇಲೆ ಥ್ರಾಟಲ್. ವಿಮಾನದ ಹೊಟ್ಟೆಯೊಳಗಿನ ಪುಟ್ಟ ಮೋಟರಿನಿಂದ ಉಕ್ಕಿನ ತಂತಿಯೊಂದು ಹೊರಟು ಕಾರ್ಬ್ಯುರೇಟರಿನ ಕೈಯನ್ನು ಹಿಡಿಯಬೇಕು. ನೆಲದ ಮೇಲೆ ನಿಂತವನು ರಿಮೋಟಿನ ಕಡ್ಡಿಯನ್ನು ಮುಂದೆ ನೂಕಿದರೆ ಇಂಜಿನ್ ಏರುತ್ತದೆ, ಹಿಂದೆ ಎಳೆದರೆ ಇಳಿಯುತ್ತದೆ. ತಂತಿಯ ತುದಿಯನ್ನು ನೀವು ಇಕ್ಕಳದಲ್ಲಿ ಎರಡು ಸಲ ಮಡಿಚಿ, ಓರೆಯಾಗಿ ಆ ಕೈಯ ತೂತಿಗೆ ತೂರಿಸುತ್ತಿದ್ದಿರಿ. ಹಾಗೆ ತೂರಿದ್ದು ತಾನಾಗಿ ಹೊರಬರುವುದಿಲ್ಲ. "ಇಂಜಿನ್ ನಡಗತೈತಿ, ಸಾಹೇಬ್ರ. ನಡಗೂ ಜಾಗಾದಾಗ ಸ್ಕ್ರೂನ ನಂಬಬ್ಯಾಡ್ರಿ. ಮಡಚಿದ ವೈರ್ ಎಲ್ಲಿ ಹೋಗತೈತಿ?"

ಎರಡು ಖಟ್‌ನ ಜಗಳ ನೆನಪಿದೆಯೆ? ನೀವು ಮಡಿಚಿದ ತಂತಿಯಲ್ಲಿ ಇಂಜಿನ್ ಸರಿಯಾಗಿ ಮೆಲ್ಲಗೆ ಓಡಬೇಕಾದರೆ ರಿಮೋಟಿನ ಪಕ್ಕದ ಸಣ್ಣ ಗುಂಡಿಯನ್ನು ನಡುವಿನಿಂದ ಎರಡು ಖಟ್ ಮೇಲಕ್ಕೆ ಸರಿಸಿ ಇಡಬೇಕಾಗಿತ್ತು. ಅದು ನಡುವೆ ಇಲ್ಲದಿರುವುದು ನನ್ನ ಕಣ್ಣಿಗೆ ಚುಚ್ಚುತ್ತಿತ್ತು. ಹೇಳಿದೆ. "ಎರಡ ಖಟ್ ಸರದ್ರ ಏನ್ ಆತರಿ? ವಿಮಾನ ಹಾರಸೋ ಮಂದಿ ನಾವು, ಬಂಗಾರ ತೂಗೋರಲ್ಲ," ಅಂದಿರಿ. ನಾನು ಸುಮ್ಮನಾದೆ. ನನ್ನ ಸುಮ್ಮನಿರುವಿಕೆಯನ್ನು ಜನ ಒಪ್ಪಿಗೆ ಎಂದುಕೊಳ್ಳುತ್ತಾರೆ. ನೀವೂ ಹಾಗೇ ತಿಳಿದಿರಿ.

ಆ ಜಗಳದ ನಂತರದ ಶನಿವಾರ ಸಂಜೆ ನೀವು ನಮಾಜಿಗೆಂದು ಮಸೀದಿಗೆ ಹೋದಿರಿ. ಇಪ್ಪತ್ತು ನಿಮಿಷ. ನಾನು ನಿಮ್ಮ ಮಡಿಕೆಯನ್ನು ಕತ್ತರಿಸಿದೆ. ಅದರ ಜಾಗದಲ್ಲಿ ನನ್ನ ಜೇಬಿನಲ್ಲಿದ್ದ ಹಿತ್ತಾಳೆಯ ಸ್ಟಾಪರ್ ಹಾಕಿದೆ. ಕಡಲೆಕಾಳಿನಷ್ಟು ದೊಡ್ಡದು, ನಡುವೆ ತೂತು, ಮೇಲೊಂದು ಸ್ಕ್ರೂ. ನೆಟ್ಟಗಿನ ತಂತಿಯನ್ನು ಒಳಗೆ ಬಿಟ್ಟು, ಎಲ್ಲಿ ಬೇಕೋ ಅಲ್ಲಿಗೆ ತಂದು, ಸ್ಕ್ರೂ ಬಿಗಿದರೆ ಮುಗಿಯಿತು. ಗುಂಡಿ ಸರಿಯಾಗಿ ನಡುವಿಗೆ ಬಂತು; ಅದು ಎಲ್ಲಿದೆ ಎಂದು ನೀವು ನೋಡುವವರಲ್ಲ. ಮುಂಭಾಗದ ಮುಚ್ಚಳ ಹಾಕಿದೆ. ನೀವು ಬಂದೊಡನೆ ತೋರಿಸಬೇಕು ಅಂತಲೇ ಇದ್ದೆ, ಚಾಚಾ. ನೀವು ಬಿಸಿ ಭಜಿಯ ಪೊಟ್ಟಣ ಹಿಡಿದು ಬಂದಿರಿ. "ತಿನ್ರಿ, ಆರಿದ್ರ ಮಜಾ ಇಲ್ಲ." ತಿಂದೆವು. ನಾಳೆ ಚೆನ್ನಾಗಿ ಹಾರಿದ ಮೇಲೆ ಹೇಳೋಣ, ಆಗ ನೀವು ಒಪ್ಪಲೇಬೇಕಾಗುತ್ತದೆ ಎಂದುಕೊಂಡೆ. ನನಗೆ ಬೇಕಾಗಿದ್ದದ್ದು ನಿಮ್ಮ ಒಪ್ಪಿಗೆಯೂ ಅಲ್ಲ, ನೀವು ತಪ್ಪು ಎಂದು ನೀವೇ ಹೇಳುವುದು.

ಭಾನುವಾರ ಎರಡನೆಯ ಸಲ ಹಾರಿಸಿದಾಗ ನೀವು ವಿಮಾನವನ್ನು ಇಳಿಸಲು ತಿರುಗಿಸಿದಿರಿ. ಆ ತಿರುವಿನಲ್ಲಿ ಇಂಜಿನಿನ ದನಿ ಇಳಿಯಬೇಕು. ಇಳಿಯಲಿಲ್ಲ. ನಾನು ಕೂಗಿದೆ. ಕೂಗಿದವನು ನಾನೇ.

"ಥ್ರಾಟಲ್ ಎಳೀರಿ ಚಾಚಾ! ಎಳೀರಿ!"

"ಎಳದೇನಿ... ಎಳದೇನಲ್ಲರಿ..."

ನೀವು ಆಕಾಶ ಬಿಟ್ಟು ಕೆಳಗೆ ಕಡ್ಡಿ ಎಳೆಯುತ್ತಿದ್ದ ನಿಮ್ಮ ಎಡ ಹೆಬ್ಬೆರಳನ್ನು ನೋಡಿಕೊಂಡಿರಿ. ಅಷ್ಟರಲ್ಲಿ ವಿಮಾನ ಗದ್ದೆಯಂಚಿನ ಸಾಗವಾನಿ ಮರಕ್ಕೆ ಹೋಗಿ ಹೊಡೆಯಿತು.

ನಿಮಗೆ ಮೊಣಕಾಲು ನೋವು. ನಾನು ಓಡಿದೆ. ಇಂಜಿನ್ ಮುಂಭಾಗದ ಪ್ಲೈವುಡ್ ಸಮೇತ ಕಿತ್ತು ಮಣ್ಣಲ್ಲಿ ಮೂಗು ಊರಿ ಬಿದ್ದಿತ್ತು. ಸ್ಟಾಪರಿನ ಸ್ಕ್ರೂ ಎರಡು ಸುತ್ತು ಸಡಿಲಾಗಿತ್ತು. ತಂತಿ ಅದರಿಂದ ಜಾರಿ ಹೊರಬಂದಿತ್ತು, ಕಾರ್ಬ್ಯುರೇಟರ್ ಪೂರಾ ತೆರೆದೇ ಇತ್ತು. ನೀವು ಎಳೆದಿದ್ದಿರಿ. ತಂತಿಯೂ ಎಳೆದಿತ್ತು. ಅದನ್ನು ಹಿಡಿದುಕೊಳ್ಳುವಂಥದ್ದೇ ಅಲ್ಲಿ ಇರಲಿಲ್ಲ. ಇದನ್ನೆಲ್ಲ ನಾನು ಒಂದೇ ನೋಟಕ್ಕೆ ಕಂಡೆ, ಅಳೆಯುವವನಲ್ಲವೆ? ಬೀಗದಕೈ ಗೊಂಚಲಿನಲ್ಲಿದ್ದ ಅಲೆನ್ ಕೀಯಿಂದ ಸ್ಟಾಪರ್ ಬಿಚ್ಚಿ ಜೇಬಿಗೆ ಹಾಕಿಕೊಂಡೆ. ನೀವು ಇನ್ನೂ ಅರ್ಧ ಗದ್ದೆ ದೂರದಲ್ಲಿದ್ದಿರಿ, ಕೂಳೆಗಳನ್ನು ತಪ್ಪಿಸಿ ತಪ್ಪಿಸಿ ಹೆಜ್ಜೆಯಿಡುತ್ತ.

ಬಂದವರು ಮೊದಲು ಕೇಳಿದ್ದು ಅದನ್ನೇ. "ಥ್ರಾಟಲ್ ವೈರಿನ ಲಿಂಕೇಜ್ ನೋಡಿದ್ರಿ?"

"ನೋಡಿದೆರಿ."

"ಬರೋಬ್ಬರಿ ಐತಿ?"

"ಬರೋಬ್ಬರಿ ಐತಿ."

ನೀವು ಬಾಗಿ ನೋಡಲೂ ಇಲ್ಲ. ನಾನು ಹೇಳಿದ ಮೇಲೆ ನೋಡುವುದೇನಿತ್ತು? ಹೆಬ್ಬೆರಳನ್ನು ಮಡಿಸಿ, ಬಿಡಿಸಿ, "ಮುಂಜಾನೆ ಹೊತ್ತ ಒಂದೀಟ ಜೋಮ ಹಿಡೀತೈತಿ ಇದು. ಹಂಗಾರ ಇದs ತಪ್ಪಿದ್ದು," ಅಂದಿರಿ. ಪರಶುರಾಮ ರೆಕ್ಕೆಯ ಚೂರುಗಳನ್ನು ಆರಿಸುತ್ತಿದ್ದ. "ಬಿಡ್ರಿ ಮಾಮಾ, ವಿಮಾನ ಅಂದ ಮ್ಯಾಲ ಬೀಳೂದs. ನಾಲ್ಕ ಕಾಲಿದ್ದ ನನ್ನ ಎಮ್ಮಿನs ಬೀಳತೈತಿ." ನೀವು ನಗಲಿಲ್ಲ. ನೀವು ನಗದಿರುವುದನ್ನು ನಾನು ನೋಡಿದ್ದು ಅದೇ ಮೊದಲು.

ಅದಾದ ಮೇಲಿನ ಆರು ತಿಂಗಳು ನೀವು ಲೇತ್ ಮುಂದೆ ಹೇಗೆ ನಿಲ್ಲುತ್ತಿದ್ದಿರೆಂದು ಗಾಜಿನ ಹಿಂದಿನಿಂದ ನೋಡಿದ್ದೇನೆ. ಮೊದಲು ಯಂತ್ರದ ಮೇಲೆ ಒರಗಿ ಹಾಡು ಗುನುಗುತ್ತ ಕೆಲಸ ಮಾಡುತ್ತಿದ್ದವರು ಒಂದು ಮೊಳ ಹಿಂದೆ ಸರಿದು ನಿಲ್ಲತೊಡಗಿದಿರಿ. ಪ್ರತಿ ಟ್ರೇಯನ್ನೂ ನೀವೇ ತಂದು ಇಡುತ್ತಿದ್ದಿರಿ. "ಖರೇ ಹೇಳ್ರಿ ಸಾಹೇಬ್ರ, ಪೀಸ್ ಬರೋಬ್ಬರಿ ಅದಾವ?" "ಬರೋಬ್ಬರಿ ಅದಾವರಿ ಚಾಚಾ." ಅದು ಖರೇ ಇತ್ತು. ರಿಜಿಸ್ಟರಿನಲ್ಲಿದೆ. ಆರು ತಿಂಗಳಲ್ಲಿ ಒಂದೇ ಒಂದು ತುಂಡು ವಾಪಸು ಬರಲಿಲ್ಲ. ಆದರೆ ನೀವು ನನ್ನ ಮುಖ ನೋಡಿ, ತಲೆಯಾಡಿಸಿ ಹೋಗುತ್ತಿದ್ದಿರಿ. ನಾನು ನಿಮ್ಮ ಮರ್ಯಾದೆ ಉಳಿಸಲು ಹಾಗೆ ಹೇಳುತ್ತಿದ್ದೇನೆ ಎಂದು ನೀವು ತಿಳಿದಿದ್ದಿರಿ, ಅಲ್ಲವೆ? ಗದ್ದೆಯಲ್ಲಿ ಹೇಳಿದ ಸುಳ್ಳನ್ನು ನಂಬಿದಿರಿ. ಕಾರ್ಖಾನೆಯಲ್ಲಿ ಹೇಳಿದ ನಿಜವನ್ನು ನಂಬಲಿಲ್ಲ.

ಕೆಲಸ ಬಿಡುವ ದಿನ ನೀವು ಮಾಲೀಕರಿಗೆ ಹೇಳಿದಿರಿ, "ವಿಮಾನ ಬಿದ್ರ ಕಟ್ಟಿಗಿ ಹೋಗತೈತ್ರಿ. ಇಲ್ಲೆ ಕೈ ತಪ್ಪಿದ್ರ ಕೈನs ಹೋಗತೈತಿ." ನಾನು ಅಲ್ಲೇ ನಿಂತಿದ್ದೆ. ನಾನು ಅಳೆಯುವ ವರ್ನಿಯರಿನ ಪೆಟ್ಟಿಗೆಯಲ್ಲಿ, ಮಖಮಲ್ಲಿನ ಕೆಳಗೆ, ಆ ಸ್ಟಾಪರ್ ಇತ್ತು. ಬಾಯಿ ತೆರೆದೆ, ಚಾಚಾ. ದೇವರಾಣೆ ತೆರೆದೆ. ಬಂದ ಮಾತು, "ಆರಾಮ ತಗೋರಿ."

ಇಷ್ಟೇ ಆಗಿದ್ದರೆ ನಾನು ಈ ಕಾಗದ ಬರೆಯುತ್ತಿದ್ದೆನೋ ಇಲ್ಲವೋ. ನಿಮ್ಮ ನಲವತ್ತನೆಯ ದಿನದ ಊಟಕ್ಕೆ ನಂದಗಡಕ್ಕೆ ಹೋಗಿದ್ದೆ. ನೀವು ಹೋದ ಮೇಲೆ ಚಾಚಿ ಅಲ್ಲೇ ಮಗಳು ಶಮೀಮ್ ಮನೆಯಲ್ಲಿದ್ದಾರೆ. ಶಮೀಮಳ ಮಗು ಚಾಪೆಯ ಮೇಲೆ ಕೂತು ಚಮಚ ಬಡಿಯುತ್ತಿತ್ತು. ಚಾಚಿ ನನಗೆ ಬಡಿಸುತ್ತ ಹೇಳಿದರು, "ಇದು ಹುಟ್ಟಿದಾಗ ಅವರ ಕೈಯಾಗ ಕೊಡಾಕ ಹೋದೆ ನೋಡ್ರಿ. ಕೈ ಹಿಂದ ಕಟ್ಕೊಂಡ್ರು. 'ನನ್ನ ಕಡೆ ಬ್ಯಾಡ, ಬೀಳಸ್ತೀನಿ' ಅಂದ್ರು. ಒಂದ ಸಲಾನೂ ಎತ್ಗೊಳ್ಳಲಿಲ್ಲರಿ. ಬಾಜು ಕುಂತು ನೋಡಾವ್ರು, ಅಷ್ಟs."

ನಾನು ತುತ್ತು ನುಂಗಿದೆ. ಚಾಚಿ ಇನ್ನೊಂದು ಚಮಚ ಹಾಕಿದರು. ಊಟದ ನಂತರ ಮುರಿದ ವಿಮಾನದ ಗೋಣಿಚೀಲ ಕೊಟ್ಟರು; ಗದ್ದೆಯಿಂದ ತಂದ ಮೇಲೆ ನೀವು ಅದನ್ನು ಬಿಚ್ಚಿಯೇ ಇರಲಿಲ್ಲವಂತೆ. "ನೀವs ಇಟ್ಕೊರ್ರಿ. ಅವರಿಗೆ ನಿಮ್ಮ ಮ್ಯಾಲ ಭಾಳ ಭರೋಸಾ ಇತ್ತು." ಬಸ್ಸಿನಲ್ಲಿ ಆ ಚೀಲ ನನ್ನ ತೊಡೆಯ ಮೇಲಿತ್ತು. ಇದೇನೆಂದು ಯಾರೂ ಕೇಳಲಿಲ್ಲ.

ಈ ವಾರವೆಲ್ಲ ಅದನ್ನು ಕಟ್ಟಿದೆ. ಹೊಸ ಪ್ಲೈವುಡ್, ನಾಲ್ಕು ಬೋಲ್ಟು, ನೀವು ಕಲಿಸಿದ ಕ್ರಮದಲ್ಲಿ. ಮೂಗು ಬಲಕ್ಕೆ, ಕೆಳಕ್ಕೆ. ನಿಮ್ಮ ಇಕ್ಕಳವೂ ಚೀಲದಲ್ಲಿತ್ತು. ಮೂರು ತಂತಿಗಳನ್ನು ಕೆಡಿಸಿ ನಾಲ್ಕನೆಯದರಲ್ಲಿ ಮಡಿಕೆ ಸರಿಬಂತು. ಇವತ್ತು ಸಂಜೆ ಟೆರೇಸಿನಲ್ಲಿ ಇಂಜಿನ್ ಹೊತ್ತಿಸಿದೆ. ಕಡ್ಡಿ ಎಳೆದೆ, ಇಳಿಯಿತು. ನೂಕಿದೆ, ಏರಿತು. ಗುಂಡಿ ನಡುವಿನಿಂದ ಎರಡು ಖಟ್ ಮೇಲಿದೆ. ಅದನ್ನು ಮುಟ್ಟಿಲ್ಲ.

ಪರಶುರಾಮ ಫೋನ್ ಮಾಡಿದ್ದ. ಗದ್ದೆ ಖಾಲಿಯಾಗಿದೆ, ಭಾನುವಾರ ಚಾಚಿಯನ್ನೂ ಶಮೀಮಳನ್ನೂ ಕರೆಸೋಣ, ಮಾಮಾನ ಹೆಸರಿನಲ್ಲಿ ಹಾರಿಸೋಣ ಅಂದ. ಒಂದು ಕ್ಷಣ ಹಿಗ್ಗಿದೆ. ಆಮೇಲೆ ಆ ಹಿಗ್ಗನ್ನು ಸರಿಯಾಗಿ ನೋಡಿದೆ. ವಿಮಾನ ಮೇಲೇರುತ್ತದೆ, ಎಲ್ಲರೂ ಅಳುತ್ತಾರೆ, ಚಾಚಿ ನನ್ನ ತಲೆ ಸವರುತ್ತಾರೆ. ನಾನು ಒಳ್ಳೆಯವನಾಗಿ ಮನೆಗೆ ಬರುತ್ತೇನೆ. ನಿಮ್ಮ ಕೈ ಮಾತ್ರ ಅಲ್ಲೇ, ಆ ಮರದ ಕೆಳಗೆ, ತಪ್ಪಿದ ಕೈಯಾಗಿಯೇ ಉಳಿಯುತ್ತದೆ. ಆ ಮಗು ದೊಡ್ಡದಾದ ಮೇಲೆ ಕೇಳುವ ಕಥೆಯೂ ಅದೇ ಆಗುತ್ತದೆ. ಅಜ್ಜನ ಕೈ ಹೋಗಿತ್ತು, ಅದಕ್ಕೇ ನಿನ್ನನ್ನು ಎತ್ತಿಕೊಳ್ಳಲಿಲ್ಲ ಎಂದು.

ಹಾರಿಸುವುದು ಬೇಡ ಎಂದು ಪರಶುರಾಮನಿಗೆ ಹೇಳಿದ್ದೇನೆ. ಯಾಕೆಂದು ಕೇಳಿದ. ಸೋಮವಾರ ಹೇಳುತ್ತೇನೆ ಅಂದೆ.

ಭಾನುವಾರ ಮುಂಜಾನೆಯ ಬಸ್ಸಿಗೆ ನಂದಗಡಕ್ಕೆ ಹೋಗುತ್ತೇನೆ. ವಿಮಾನ ಒಯ್ಯುವುದಿಲ್ಲ. ಅದು ಎದುರಿಗಿದ್ದರೆ ಅವರು ಅದನ್ನೇ ನೋಡುತ್ತಾರೆ, ನನ್ನನ್ನು ನೋಡುವುದಿಲ್ಲ. ಆರು ತಿಂಗಳ ರಿಜಿಸ್ಟರನ್ನು ಮಾಲೀಕರಿಂದ ಕೇಳಿ ತಂದಿದ್ದೇನೆ. ಸ್ಟಾಪರನ್ನು ವರ್ನಿಯರಿನ ಪೆಟ್ಟಿಗೆಯಿಂದ ತೆಗೆದು ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿದ್ದೇನೆ. ಅದನ್ನು ಚಾಚಿಯ ಅಂಗೈಯಲ್ಲಿ ಇಡಬೇಕು. ನಾನು ಓದಿದ ಪುಸ್ತಕಗಳಲ್ಲಿ ಇಂಥ ಕಡೆ ಜನ ಪುಟಗಟ್ಟಲೆ ಮಾತಾಡುತ್ತಾರೆ. ನನಗೆ ಅಷ್ಟು ಬರುವುದಿಲ್ಲ. ಹೇಳಬೇಕಾದದ್ದನ್ನು ಮೂರು ದಿನದಿಂದ ಬಾಯಿಪಾಠ ಮಾಡುತ್ತಿದ್ದೇನೆ:

"ಚಾಚಿ, ಚಾಚಾರ ಕೈ ಬರೋಬ್ಬರಿ ಇತ್ತರಿ. ವೈರ್ ನಾ ಬದಲಿ ಮಾಡಿದ್ದೆ."