ಇಮಾಮಬಾನು ಆಪಾ ಕೇಳಿದ ಅನುಮತಿ

ಏಪ್ರಿಲ್ 11

ಬೆಳಿಗ್ಗೆ ಮತ್ತೆ ನಲ್ಲಿ ಬಂದಿಲ್ಲ. ಕಿಟಕಿಯಿಂದ ಡ್ಯಾಮ್ ಕಾಣುತ್ತದೆ. ಮುನಿರಾಬಾದಿನ ಈ ಕ್ವಾರ್ಟರ್ಸಿಗೆ ಮಾತ್ರ ನೀರಿಲ್ಲ. ಪಕ್ಕದ ಮನೆಯ ಇಮಾಮಬಾನು ಆಪಾ ಎರಡು ಕೊಡ ಕೊಟ್ಟರು. ಆಫೀಸಿನಲ್ಲೂ ನಾವು ಅಕ್ಕಪಕ್ಕವೇ. ಅವರದು ಟಪಾಲು, ನನ್ನದು ಆಡಿಟ್.

ಮುಂದಿನ ತಿಂಗಳು ಆಪಾ, ಗಂಡ ಶಫೀಸಾಬರ ಜೊತೆ ಹಜ್‌ಗೆ ಹೊರಟಿದ್ದಾರೆ. ಆಫೀಸಿನವರೆಲ್ಲ ಅಲ್ಲಿ ಬೇಡಿಕೊಳ್ಳಲು ಒಂದೊಂದು ಬೇಡಿಕೆ ಒಪ್ಪಿಸುತ್ತಿದ್ದಾರೆ. ಪ್ಯೂನ್ ದುರಗಪ್ಪ ಮಗಳ ಮದುವೆ ಒಪ್ಪಿಸಿದ. ವರ ಗಂಗಾವತಿ ಕಡೆಯವನೇ ಆಗಲಿ ಎಂದೂ ಸೇರಿಸಿದ. ‘ಅಷ್ಟ ದೂರ ಹೋಗಿ ಗಂಗಾವತಿ ಅಡ್ರೆಸ್ ಹೇಳ್ಲೇನೋ’ ಎಂದರು ಆಪಾ.

ಊಟದ ಹೊತ್ತಿನಲ್ಲಿ ನನ್ನ ಕಡೆ ತಿರುಗಿದರು. ನಗುತ್ತಿರಲಿಲ್ಲ.

‘ಸುಮಂಗಲಾ, ಮಕ್ಕಾದಾಗ ಕಾಬಾ ಮೊದಲ್ನೇ ಸಲ ಕಣ್ಣಿಗೆ ಬಿದ್ದಾಗ ಬೇಡಿದ್ದು ಹುಸಿ ಹೋಗಂಗಿಲ್ಲ ಅಂತಾರ. ನೀ ನಮ್ಮ ದೀನಿಗೆ, ನಮ್ಮ ಧರ್ಮಕ್ಕ ಬರ್ಲಿ ಅಂತ ಕೇಳ್ಲೇನು? ನೀ ಹೂಂ ಅಂದ್ರಷ್ಟ.’

ಡಬ್ಬಿಯ ಮುಚ್ಚಳ ಹಾಕಿದೆ. ಯೋಚಿಸಿ ಹೇಳುತ್ತೇನೆ ಅಂದೆ. ಯೋಚಿಸುವುದೇನಿದೆ? ಇಲ್ಲ ಅನ್ನಬಹುದಿತ್ತಲ್ಲ.

ಏಪ್ರಿಲ್ 18, ಗುಡ್ ಫ್ರೈಡೇ, ಸಂಜೆ

ಚರ್ಚಿನಲ್ಲಿ ಮೂರು ತಾಸಿನ ಆರಾಧನೆ. ಸೆಕೆ. ಮನೆಗೆ ಬರುವಷ್ಟರಲ್ಲಿ ಆಪಾ ಮಜ್ಜಿಗೆ ಹಿಡಿದು ನಿಂತಿದ್ದರು. ನನ್ನ ಉಪವಾಸ ನನಗಿಂತ ಅವರಿಗೇ ಹೆಚ್ಚು ನೆನಪಿರುತ್ತದೆ.

ಅವರ ನಂಬಿಕೆ ಏನೆಂದು ಸರಿಯಾಗಿ ಕೇಳಿಕೊಂಡೆ. ಇಷ್ಟು ವರ್ಷ ಪಕ್ಕದಲ್ಲಿದ್ದೂ ಕೇಳಿರಲಿಲ್ಲ. ಮರಿಯಳು ಕನ್ಯೆ ಎಂಬುದು ಅವರಿಗೂ ಹೌದು. ಈಸಾ, ಅಂದರೆ ನಮ್ಮ ಯೇಸು, ಕುಷ್ಠ ವಾಸಿ ಮಾಡಿದ್ದು, ಸತ್ತವರನ್ನು ಎಬ್ಬಿಸಿದ್ದು, ಕಡೆಗಾಲದಲ್ಲಿ ಮತ್ತೆ ಬರುವುದು... ಎಲ್ಲ ಹೌದು. ನನಗೇ ಅಚ್ಚರಿ. ಆದರೆ ಅವನು ಮಗನಲ್ಲ, ಪೈಗಂಬರ. ಮತ್ತೆ, ಇವತ್ತಿನ ದಿನ ನಡೆದೇ ಇಲ್ಲ.

‘ತನ್ನ ಪೈಗಂಬರನ್ನ ದೇವರು ಹಂಗ ಕೈ ಬಿಡ್ತಾನೇನು? ಶಿಲುಬಿಗೆ ಏರ್ಸೇ ಇಲ್ಲ. ಮ್ಯಾಲೆ ಎತ್ಕೊಂಡ.’

ಪ್ರೀತಿಯಿಂದಲೇ ಹೇಳಿದರು. ಯೇಸುವಿನ ಮಾನ ಕಾಯುವವರಂತೆ. ನಾನು ತ್ರಿತ್ವ ವಿವರಿಸಲು ಹೋದೆ. ಒಬ್ಬನೇ, ಆದರೆ ಮೂವರು. ‘ಇದು ನಿನ್ನ ಆಡಿಟ್‌ನಾಗ ಪಾಸ್ ಆಗತೈತೇನು’ ಅಂದರು. ಇಬ್ಬರೂ ನಕ್ಕೆವು. ನಿಜ, ಆಗುವುದಿಲ್ಲ.

ಏಪ್ರಿಲ್ 22

ನನ್ನ ಕಾರಣಗಳು ಯಾವುವು?

ಹುಟ್ಟಿದ ಧರ್ಮ ಬಿಡಬಾರದು ಅನ್ನುವಂತಿಲ್ಲ. ಅಜ್ಜ ಹೊಳಿಯಪ್ಪ ಬಿಟ್ಟಿದ್ದಕ್ಕೇ ನಾನು ಕ್ರಿಶ್ಚಿಯನ್. ಅವರ ನಂಬಿಕೆ ಕಠಿಣ ಅನ್ನಲೂ ಆಗದು. ಆಪಾ ದಿನಕ್ಕೆ ಐದು ಸಲ ಎಲ್ಲ ಬಿಟ್ಟು ಏಳುತ್ತಾರೆ. ನನಗೆ ಭಾನುವಾರ ಏಳುವುದೇ ಕಷ್ಟ. ಒಬ್ಬರ ಪಾಪ ಇನ್ನೊಬ್ಬರು ಹೊರಲಾರರು ಎಂಬ ಅವರ ಮಾತು ನ್ಯಾಯವಾಗಿಯೇ ಇದೆ. ನಮ್ಮ ಪಾಪ ಯೇಸು ಹೊತ್ತನೆಂಬ ನಮ್ಮ ಮಾತು ನ್ಯಾಯವಲ್ಲ, ಬೇರೇನೋ.

ಉಳಿಯುವುದು ಒಂದೇ. ಅವರು ಅವಮಾನವೆಂದು ಅಳಿಸುವ ಶಿಲುಬೆಯನ್ನೇ ನಾನು ಹಿಡಿದುಕೊಂಡಿದ್ದೇನೆ. ಅಜ್ಜ ಊರ ಬಾವಿಗೆ ಹೋಗುವಂತಿರಲಿಲ್ಲ. ಊರ ಹೊರಗೆ ಹೊಡೆತ ತಿಂದ ದೇವರು ಅಂದಾಗ ಅಜ್ಜನಿಗೆ ಕಥೆ ತಕ್ಷಣ ಅರ್ಥವಾಗಿರಬೇಕು. ಆ ದೇವರು ಕಷ್ಟದಿಂದ ಪಾರಾಗಿ ಮೇಲೆ ಹೋದ ಅಂದರೆ, ಅಜ್ಜನ ಜೊತೆ ಇದ್ದವರು ಯಾರು?

ಆದರೆ ಅದು ಅಜ್ಜನ ಕಾರಣ. ನಾನು ಇಂಗ್ಲಿಷ್ ಮೀಡಿಯಂ, ಫಿಲ್ಟರ್ ನೀರು. ನನಗೆ ಇದು ನಂಬಿಕೆಯೋ, ಮನೆತನದ ನೆನಪೋ? ಗೊತ್ತಿಲ್ಲ. ಆದರೂ ಇದನ್ನು ಬಿಟ್ಟುಕೊಡು ಅಂದರೆ ಆಗುವುದಿಲ್ಲ. ಅಷ್ಟು ಗೊತ್ತು.

ಏಪ್ರಿಲ್ 25

ಹೇಳಿದೆ. ‘ಬ್ಯಾಡ ಆಪಾ, ನನ್ನ ಸಲುವಾಗಿ ಅದನ್ನ ಕೇಳಬ್ಯಾಡ್ರಿ.’

ಆಯ್ತು ಅಂದರು. ಟಪಾಲು ಹಚ್ಚುತ್ತಲೇ ಇದ್ದರು.

ಅವರ ಪ್ರಾರ್ಥನೆ ಅಲ್ಲಿ ಫಲಿಸುತ್ತದೆ ಎಂದು ನನಗೆ ನಂಬಿಕೆಯಿಲ್ಲ. ಹಾಗಾದರೆ ಬೇಡ ಅಂದದ್ದೇಕೆ? ಹೆದರಿಕೆಯೇ? ಯಾವುದಕ್ಕೆ?

ಮೇ 12

ಎರಡು ವಾರ ಆಪಾ ಮನೆಗೆ ಬರಲಿಲ್ಲ. ಆಫೀಸಿನಲ್ಲಿ ಕೆಲಸದ ಮಾತಷ್ಟೇ. ನಾನೂ ಹೋಗಲಿಲ್ಲ.

ಇವತ್ತು ಬಂದರು. ಹೊರಡುವ ಮುಂಚೆ ಮನೆ ಮನೆಗೆ ಹೋಗಿ ಮಾಫಿ ಕೇಳುವುದು ಅವರ ಪದ್ಧತಿ. ಬಾಗಿಲಲ್ಲೇ ನಿಂತು, ಎಲ್ಲರಿಗೂ ಹೇಳಿದ್ದನ್ನೇ ನನಗೂ ಹೇಳಿದರು. ಮಾತಿನಾಗ, ನಡತಿಯಾಗ ತಪ್ಪಾಗಿದ್ದರ ಮಾಫ್ ಮಾಡು. ಹೊರಗಿನವರಿಗೆ ಹೇಳಿದ ಹಾಗೆ. ಅದು ಚುಚ್ಚಿತು.

ಕೈ ಹಿಡಿದು ಒಳಗೆ ಕೂರಿಸಿದೆ. ನನಗೆ ಬೇಜಾರಾಯಿತೆಂದು ಮಾಫಿ ಕೇಳುತ್ತೀರಾ ಅಂದೆ. ಅಲ್ಲವೆಂದು ತಲೆಯಾಡಿಸಿದರು.

‘ಅಲ್ಲಿ ಎಲ್ಲಾರ ಹೆಸರು ಹೇಳ್ತೀನಿ. ದುರಗಪ್ಪನ ಅಳಿಯಂದೂ ಹೇಳ್ತೀನಿ. ನಿನ್ನ ಹೆಸರು ಬಂದಾಗ ಬಾಯಿ ಮುಚ್ಕೋಬೇಕು. ನಿನ್ನೊಬ್ಬಾಕಿನ್ನ ಹಿಂದ ಬಿಟ್ಟು ನಾ ಹೆಂಗ ಜನ್ನತಿಗೆ ಹೋಗ್ಲೇ?’

ಆಗ ತಿಳಿಯಿತು. ನನ್ನನ್ನು ಬದಲಾಯಿಸುವುದಲ್ಲ, ಬಿಟ್ಟುಹೋಗದಿರುವುದು ಅವರಿಗೆ ಬೇಕಿತ್ತು. ಅದಕ್ಕೆ ಅವರಲ್ಲಿರುವ ದಾರಿ ಅದೊಂದೇ.

‘ಕೇಳ್ರಿ ಆಪಾ. ಆದ್ರ ನಾ ಯಾಕ ಒಲ್ಲೆ ಅಂದೆ ಅನ್ನೂದೂ ಹೇಳ್ರಿ. ನಿಮ್ಮ ಅರ್ಜಿ, ನನ್ನ ತಕರಾರು, ಎರಡೂ ಒಂದ ಫೈಲಿಗೆ ಹಚ್ರಿ.’

‘ಹೌದವ್ವಾ, ಅಲ್ಲೂ ನಿನ್ನ ಆಡಿಟ್ ಆಬ್ಜೆಕ್ಷನ್’ ಎಂದು ಕಣ್ಣೊರೆಸಿಕೊಂಡು ನಕ್ಕರು. ಚಹಾ ಕುಡಿದರು.

ಮೇ 15

ಹೊರಟರು. ಹೈದರಾಬಾದಿನಿಂದ ವಿಮಾನ. ಶಫೀಸಾಬರು ಕಾರಿನಿಂದಲೇ ಮನಿ ಕಡಿ ಲಕ್ಷ್ಯ ಇರ್ಲಿ ತಂಗೀ ಅಂದರು. ಆಪಾ ನನ್ನ ತಲೆ ಮೇಲೆ ಕೈಯಿಟ್ಟರು.

ಮೇ 19

ಮಕ್ಕಾದಿಂದ ಫೋನ್. ಗದ್ದಲ, ಅರ್ಧ ಮಾತೇ ಕೇಳಿಸಲಿಲ್ಲ. ಕಾಬಾ ಕಂಡಕೂಡಲೇ ಎಲ್ಲ ಮರೆತುಹೋಯಿತಂತೆ. ದುರಗಪ್ಪನ ಮಗಳೂ ಇಲ್ಲ, ಸ್ವಂತದ್ದೂ ಇಲ್ಲ. ಅತ್ತದ್ದಷ್ಟೇ ನೆನಪು.

‘ನಿನ್ನ ಹೆಸರೊಂದ ಬಂತು ನೋಡು. ಸುಮಂಗಲಾ ಅಂದೆ. ಮುಂದ ಏನ ಕೇಳಬೇಕಿತ್ತು, ತಿಳೀಲೇ ಇಲ್ಲ.’

ಇರಲಿ ಆಪಾ ಅಂದೆ. ಫೋನ್ ಇಟ್ಟೆ.

ಸಮಾಧಾನವಾಯಿತು ಎಂದು ಬರೆಯಲು ಕುಳಿತೆ. ಆದದ್ದು ಅದಲ್ಲ. ಬದಲಾಗುವ ಆಸೆ ಇಲ್ಲ. ಭಾನುವಾರ ಚರ್ಚಿಗೆ ಹೋಗುತ್ತೇನೆ, ಶಿಲುಬೆಯ ಕೆಳಗೇ ಕೂರುತ್ತೇನೆ. ಆದರೂ ಅಷ್ಟು ದೂರದಲ್ಲಿ, ಆ ಜನರ ನಡುವೆ ನಿಂತು, ಒಬ್ಬರು ನನ್ನ ಹೆಸರು ಮಾತ್ರ ಹೇಳಿ, ಮುಂದೆ ಏನೂ ಕೇಳದೆ ಅತ್ತರಲ್ಲ, ಆ ಪ್ರಾರ್ಥನೆ ಮಾತ್ರ ನನಗೆ ಮುಟ್ಟಿತು.