ಗಿಡ್ಡ ರೆಕ್ಕೆಯ ಗಂಡುಗಳು

ಕಾರಟಗಿ,
೧೮ ಸೆಪ್ಟೆಂಬರ್ ೨೦೨೫

ಮಗಳೇ ನೇತ್ರಾವತಿ,

ನಿನ್ನ ಅತ್ತೆ ಶೇಖರಮ್ಮನ ಆಶೀರ್ವಾದ. ತಾವರಗೇರಾದಲ್ಲಿ ನೀನೂ ಬೀಗರೂ ಆರಾಮ ಇದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಬೆನ್ನುನೋವು ಹೇಗಿದೆ? ನನ್ನ ಫೋನು ನೀನು ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಮೂವತ್ತು ವರ್ಷ ಅಂಗನವಾಡಿ ಮಕ್ಕಳಿಗೆ ಅಕ್ಷರ ತಿದ್ದಿಸಿದ ಕೈ ಇದು, ಈಗ ಎರಡು ಸಾಲಿಗೊಮ್ಮೆ ನಿಲ್ಲುತ್ತಿದೆ. ನೀನು ಹೋದ ಆರು ತಿಂಗಳಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಇಷ್ಟು ಬರೆಯುವುದರೊಳಗೆ ಎರಡು ಸಲ ಎದ್ದು ನಿನ್ನ ಮೀನು ನೋಡಿ ಬಂದೆ.

ಮೊದಲು ಮೀನಿನ ಸುದ್ದಿ ಹೇಳುತ್ತೇನೆ, ಏಕೆಂದರೆ ಅಲ್ಲೊಂದು ತಪ್ಪು ಮಾಡಿದ್ದೇನೆ. ನೀನು ಉದ್ದ ರೆಕ್ಕೆಯ ಗಪ್ಪಿಗಳನ್ನೂ ಅವುಗಳ ಗಿಡ್ಡ ರೆಕ್ಕೆಯ ಅಣ್ಣತಮ್ಮಂದಿರನ್ನೂ ಒಂದೇ ಗಾಜಿನ ಪೆಟ್ಟಿಗೆಯಲ್ಲಿ ಸಾಕುತ್ತಿದ್ದೆಯಲ್ಲ. ನೀನು ಹೋದ ವಾರವೇ ಆಶಾ ಕಾರ್ಯಕರ್ತೆ ಹುಲಿಗವ್ವ ಬಂದು, ಓಣಿಯ ನೀರಿನ ತೊಟ್ಟಿಗೆ ಸೊಳ್ಳೆಮರಿ ತಿನ್ನುವ ಮೀನು ಬೇಕು ಎಂದಳು. ಗಿಡ್ಡ ರೆಕ್ಕೆಯವು ನೋಡಲು ಚಂದವಿಲ್ಲ, ಸುಮ್ಮನೆ ತಿಂದುಕೊಂಡು ಬಿದ್ದಿರುತ್ತವೆ ಎಂದು ಆ ಗಂಡುಗಳನ್ನೆಲ್ಲ ಬಕೆಟಿಗೆ ಹಾಕಿ ಕೊಟ್ಟುಬಿಟ್ಟೆ. ಜರಿ ಸೆರಗಿನ ಹಾಗೆ ರೆಕ್ಕೆ ಇಳಿಬಿಟ್ಟುಕೊಂಡು ಮೆರೆಯುವ ಗಂಡುಗಳನ್ನಷ್ಟೇ ಉಳಿಸಿಕೊಂಡೆ. ನೀನು ಬೇರೆ ಇಟ್ಟಿದ್ದ ಎಳೆ ಹೆಣ್ಣುಗಳು ಬೆಳೆದ ಮೇಲೆ ಅವುಗಳ ಜೊತೆ ಬಿಟ್ಟೆ.

ಮೂರು ತಿಂಗಳಾದರೂ ಒಂದು ಮರಿ ಇಲ್ಲ. ನೀರು ಬದಲಿಸಿದೆ, ತಿನಿಸು ಬದಲಿಸಿದೆ. ಕೊನೆಗೆ ಹೆಣ್ಣುಗಳನ್ನು ಡಬ್ಬಿಯಲ್ಲಿ ಹಾಕಿಕೊಂಡು ಗಂಗಾವತಿಗೆ ಹೋಗಿ, ನೀನು ಮೀನು ಕೊಳ್ಳುತ್ತಿದ್ದ ಅಂಗಡಿಯ ಅಫ್ರೋಜನ ಮುಂದಿಟ್ಟು, "ಇವು ಬಂಜಿ ಅದಾವಪ್ಪಾ, ಬ್ಯಾರೆ ಹೆಣ್ಣು ಕೊಡು" ಎಂದೆ. ಅವನು ನಕ್ಕ. "ಹೆಣ್ಣಿಂದೇನೂ ತಪ್ಪಿಲ್ರಿ ಅಮ್ಮಾರ. ಉದ್ದ ರೆಕ್ಕಿ ಗಂಡು ಬರೇ ನೋಡಾಕ ಛಲೋ. ಹೊಟ್ಟಿ ಕೆಳಗಿನ ರೆಕ್ಕಿನೂ ಉದ್ದಾಗಿ ಜೋಲ್ತೈತಿ, ಅವಕ್ಕ ಕೂಡಾಕ ಬರಂಗಿಲ್ಲ. ಅದಕ್ಕ ನಿಮ್ಮ ಸೊಸಿ ಗಿಡ್ಡ ರೆಕ್ಕಿವು ಇಟ್ಟಿದ್ರು. ನೀವು ಗಂಡು ನೋಡಿದ್ರೇನ್ರಿ?" ಎಂದ. ನಾನು ನೋಡಿರಲಿಲ್ಲ.

ಬರುವಾಗ ಬಸ್ಸಿನಲ್ಲಿ ನನಗೆ ಅಳು ಬಂತು. ನಾಲ್ಕು ವರ್ಷ ನಿನ್ನನ್ನೊಬ್ಬಳನ್ನೇ ಗಂಗಾವತಿ, ಕೊಪ್ಪಳ ಎಂದು ದವಾಖಾನೆ ಸುತ್ತಿಸಿದೆ. ನನ್ನ ಮಗ ಬಸವಕುಮಾರ ಹೊರಗೆ ಬೈಕಿನ ಮೇಲೆ ಕೂತಿರುತ್ತಿದ್ದ, ಅವನನ್ನು ಒಂದು ದಿನವೂ ಒಳಗೆ ಕರೆಯಲಿಲ್ಲ. ಆಮೇಲೆ ನಮ್ಮ ಓಣಿಯ ಹನುಮಂತಮ್ಮನ ಮೊಮ್ಮಗಳ ತೊಟ್ಟಿಲ ಕಾರ್ಯದಲ್ಲಿ, ನಾಲ್ಕು ಮಂದಿಯ ಮುಂದೆ, ಮೀನಿಗೆ ಅಂದ ಆ ಮಾತನ್ನೇ ನಿನಗೂ ಅಂದಿದ್ದೆ. ನೀನು ಅಂದೇ ತವರಿಗೆ ಹೋದೆ.

ತೊಟ್ಟಿಯಿಂದ ಆರು ಗಿಡ್ಡ ಗಂಡುಗಳನ್ನು ಹಿಡಿದು ತಂದು ಬಿಟ್ಟಿದ್ದೇನೆ. ಒಂದು ಹೆಣ್ಣಿನ ಹೊಟ್ಟೆ ತುಂಬಿದಂತೆ ಕಾಣುತ್ತದೆ, ಆದರೆ ನನ್ನ ಕಣ್ಣನ್ನು ಈಗ ನಾನೇ ನಂಬುವುದಿಲ್ಲ. ಬೀಗರಿಬ್ಬರಿಗೂ ನನ್ನ ಶರಣು ತಿಳಿಸು. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅತ್ತೆ,
ಶೇಖರಮ್ಮ

ತಾ.ಕ.: ಕವರು ಅಂಟಿಸುವ ಮೊದಲು ಇದನ್ನೂ ಬರೆಯಲೇಬೇಕು. ಒಂದು ತಿಂಗಳು ಗಂಟುಬಿದ್ದು, ಹೋದ ವಾರ ಬಸವಕುಮಾರನನ್ನು ಡಾಕ್ಟರ ಹತ್ತಿರ ಒಳಗೆ ಕರೆದುಕೊಂಡು ಹೋದೆ. ಕೊರತೆ ಅವನಲ್ಲಿದೆಯಂತೆ. ಔಷಧಿ ಕೊಟ್ಟಿದ್ದಾರೆ, ಆರು ತಿಂಗಳು ನೋಡೋಣ ಎಂದಿದ್ದಾರೆ. ನಿನ್ನೆ ನಾನು ಹನುಮಂತಮ್ಮನ ಮನೆಗೆ ಹೋಗಿ, ಆ ನಾಲ್ಕು ಮಂದಿಯನ್ನೂ ಕರೆಸಿ, "ನನ್ನ ಸೊಸಿದು ಏನೂ ತಪ್ಪಿಲ್ಲ, ದೋಷ ನನ್ನ ಮಗನಾಗ ಐತಿ" ಎಂದು ಹೇಳಿ ಬಂದೆ. ಅವನನ್ನು ಒಂದು ಮಾತು ಕೇಳಲಿಲ್ಲ, ಮತ್ತೆ ದುಡುಕಿದೆ. ಅವನು ಕೋಣೆಯ ಬಾಗಿಲು ಹಾಕಿಕೊಂಡಿದ್ದಾನೆ, ನನ್ನ ಕೈಯ ಊಟ ಬೇಡವಂತೆ. ನನ್ನನ್ನು ನೀನು ಕ್ಷಮಿಸದಿದ್ದರೂ ನಡೆಯುತ್ತದೆ, ಬೇಕಾದರೆ ಬಂದು ಬೈ. ಅವನಿಗೆ ಮಾತ್ರ ಒಂದು ಫೋನ್ ಮಾಡು. ನಿನ್ನದಾದರೆ ಎತ್ತುತ್ತಾನೆ.